ದಿನಕ್ಕೆ ಐದು ಬಿಸಿನೆಸ್ ಇಂಗ್ಲಿಷ್ ಪದ, ಜೊತೆಗೊಂದು ಮೋಟಿವೇಶನ್ ಸಾಲು: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ಈ ಆಪ್ ನನ್ನ ಫೋನಿಗೆ ಬಂದು ಹದಿನಾಲ್ಕು ತಿಂಗಳಾಯ್ತು. ಒಂದು ವಾರ ಯೂಸ್ ಮಾಡಿ ಐದು ಸ್ಟಾರ್ ಕೊಟ್ಟವರು ಬೇಕಾದಷ್ಟು ಜನ ಇದ್ದಾರೆ, ವರ್ಷ ದಾಟಿದವರ ರಿವ್ಯೂ ಮಾತ್ರ ನಂಗೆ ಎಲ್ಲೂ ಕಾಣಲಿಲ್ಲ, ಅದಕ್ಕೇ ಇದನ್ನ ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ. ಹೆಸರು ಹಾಕ್ತಿಲ್ಲ, ಯಾಕಂದ್ರೆ ಈ ಥರದ ಆಪ್ ಹತ್ತಾರು ಇವೆ, ಕೆಲಸ ಮಾಡೋ ರೀತಿ ಹೆಚ್ಚುಕಮ್ಮಿ ಒಂದೇ. ಬೆಳಿಗ್ಗೆ ಐದು ಪದ ಬರುತ್ತೆ, ಪ್ರತಿ ಪದಕ್ಕೂ ಕನ್ನಡ ಅರ್ಥ, ಒಂದು ಉದಾಹರಣೆ ವಾಕ್ಯ, ಕೊನೇಲಿ ಪರ್ಸನಲ್ ಗ್ರೋತ್ ಬಗ್ಗೆ ಒಂದು ಸಾಲು. ರಾತ್ರಿ ಒಂದು ಚಿಕ್ಕ ಕ್ವಿಜ್. ಅಷ್ಟೇ.

ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು. ಕೆಲಸ ಚೆನ್ನಾಗಿ ಬರುತ್ತೆ, ಮೇಲ್ ಬರೆಯೋಕೆ ಕೂತ್ರೆ ಮಾತ್ರ ಕೈ ನಿಂತುಬಿಡ್ತಿತ್ತು. ಗ್ರಾಮರ್ ತೊಂದರೆ ಅಷ್ಟಿರಲಿಲ್ಲ, ಆ ಜಾಗಕ್ಕೆ ಆಫೀಸಿನವರು ಯಾವ ಪದ ಹಾಕ್ತಾರೆ ಅನ್ನೋದೇ ಗೊತ್ತಾಗ್ತಿರಲಿಲ್ಲ.

ಮೊದಲು ಒಳ್ಳೇದು ಹೇಳ್ತೀನಿ. ನಮ್ಮ ಕನ್ನಡ ಇಂಗ್ಲಿಷಿಗೆ ನುಗ್ಗೋ ಜಾಗಗಳನ್ನ ಈ ಆಪ್ ಚೆನ್ನಾಗಿ ಹಿಡಿದಿದೆ. ನಾವು ‘ಬಜೆಟ್ ಬಗ್ಗೆ ಚರ್ಚೆ ಮಾಡೋಣ’ ಅಂತೀವಲ್ಲ, ಆ ‘ಬಗ್ಗೆ’ ಹಾಗೇ ಜೊತೆಗೆ ಬಂದು ‘ಡಿಸ್ಕಸ್ ಅಬೌಟ್ ದ ಬಜೆಟ್’ ಆಗಿಬಿಡುತ್ತೆ, ಆದ್ರೆ ಡಿಸ್ಕಸ್ ಅನ್ನೋ ಪದದೊಳಗೇ ಆ ‘ಬಗ್ಗೆ’ ಇದೆ, ‘ಡಿಸ್ಕಸ್ ದ ಬಜೆಟ್’ ಅಂದ್ರೆ ಸಾಕು. ಹಾಗೇ ‘ಐ ಹ್ಯಾವ್ ಎ ಡೌಟ್’. ನಮಗೆ ಡೌಟ್ ಅಂದ್ರೆ ಗೊತ್ತಿಲ್ಲದ್ದನ್ನ ಕೇಳೋದು, ಹೊರದೇಶದ ಕ್ಲೈಂಟ್ ಕಿವಿಗೆ ಅದು ‘ನಿಮ್ಮ ಮಾತು ನಂಗೆ ನಂಬಿಕೆ ಬರ್ತಿಲ್ಲ’ ಅನ್ನೋ ಹಾಗೆ ಬೀಳಬಹುದು. ‘ಕ್ವೆಶ್ಚನ್’ ಅಂದ್ರೆ ಆ ತೊಂದರೆ ಇಲ್ಲ. ‘ಪ್ರಿಪೋನ್’, ಅಂದ್ರೆ ಮೀಟಿಂಗನ್ನ ಗೊತ್ತಾದ ಹೊತ್ತಿಗಿಂತ ಬೇಗ ಇಟ್ಕೊಳ್ಳೋದು, ಅದೂ ನಮ್ಮ ಕಡೆ ಓಡುತ್ತೆ, ಹೊರಗಿನವರಲ್ಲಿ ಬಹಳ ಜನಕ್ಕೆ ಅದು ಹೊಸ ಪದ, ಅವರ ಹತ್ರ ಮೀಟಿಂಗನ್ನ ‘ಮೂವ್ ಅಪ್’ ಅಥವಾ ‘ಬ್ರಿಂಗ್ ಫಾರ್ವರ್ಡ್’ ಮಾಡ್ಬೇಕು. ಈ ಮೂರು ಕಾರ್ಡ್ ನೋಡಿದ್ಮೇಲೆ ನನ್ನ ಹಳೇ ಮೇಲ್‌ಗಳನ್ನ ತೆಗೆದು ನೋಡ್ದೆ, ಒಂದೇ ತಿಂಗಳಲ್ಲಿ ಹನ್ನೊಂದು ‘ಡಿಸ್ಕಸ್ ಅಬೌಟ್’ ಸಿಕ್ತು.

ಇನ್ನು ಮೋಟಿವೇಶನ್ ಸಾಲುಗಳು. ಮೊದಲ ಎರಡು ತಿಂಗಳು ಅವು ನಂಗೆ ಏನೂ ಮಾಡಲಿಲ್ಲ, ಎದ್ದೇಳು, ನುಗ್ಗು, ಗೆದ್ದೇ ಗೆಲ್ತೀಯ, ಹೀಗೆ, ಗ್ರೂಪಲ್ಲಿ ಬರೋ ಗುಡ್ ಮಾರ್ನಿಂಗ್ ಮೆಸೇಜ್ ಥರ ಕಣ್ಣಾಡಿಸಿ ಮುಂದೆ ಹೋಗ್ತಿದ್ದೆ. ಬದಲಾಗಿದ್ದು ಮೂರನೇ ತಿಂಗಳು, ಅದೂ ಆ ಸಾಲಿಂದಲ್ಲ, ಒಂದು ಪದದಿಂದ.

ಆವತ್ತು ನಾನು ಕಳಿಸಿದ ರಿಪೋರ್ಟಲ್ಲಿ ಎರಡು ಕಾಲಂ ಅದಲು ಬದಲಾಗಿತ್ತು, ಕ್ಲೈಂಟೇ ಅದನ್ನ ನೋಡಿ ತಿಳಿಸಿದ್ರು. ಇಂಥದ್ದಾದಾಗ ನಾನು ಯಾವಾಗ್ಲೂ ಮೂರು ಸಲ ‘ಸಾರಿ’, ಎರಡು ಸಲ ‘ಇನ್‌ಕನ್ವೀನಿಯನ್ಸ್’ ಹಾಕಿ, ತಪ್ಪೇನು ಅಂತಲೇ ಹೇಳದೆ ಮೇಲ್ ಮುಗಿಸ್ತಿದ್ದೆ. ಹಿಂದಿನ ವಾರದ ಕಾರ್ಡಲ್ಲಿ ‘ಓವರ್‌ಸೈಟ್’ ಬಂದಿತ್ತು. ವಿಚಿತ್ರ ಪದ ಅದು, ಎರಡು ಅರ್ಥ ಇದೆ, ಒಂದು ಮೇಲ್ವಿಚಾರಣೆ, ಇನ್ನೊಂದು ನಮ್ಮ ‘ಕಣ್ತಪ್ಪು’. ಕಣ್ತಪ್ಪು ಅಂತ ನೆನಪಾದ ತಕ್ಷಣ ಎದೆ ಹಗುರ ಆಯ್ತು ನೋಡಿ. ಬೇಕಂತ ಮಾಡಿದ್ದಲ್ಲ, ಹಾಗಂತ ಏನೂ ಆಗಿಲ್ಲ ಅನ್ನೋ ಹಾಗೂ ಇಲ್ಲ, ಮಧ್ಯದಲ್ಲಿ ಇರೋ ಒಂದು ತಪ್ಪು, ಅದಕ್ಕೆ ಅವರ ಭಾಷೇಲೂ ಹೆಸರಿದೆ. ನಾಲ್ಕು ವಾಕ್ಯ ಬರೆದೆ: ಏನಾಗಿದೆ, ‘ದಿಸ್ ವಾಸ್ ಆನ್ ಓವರ್‌ಸೈಟ್ ಆನ್ ಮೈ ಪಾರ್ಟ್’, ಸರಿ ಮಾಡಿದ್ದು ಯಾವಾಗ ಕೈಗೆ ಸಿಗುತ್ತೆ, ಇನ್ಮುಂದೆ ಕಳಿಸೋ ಮುಂಚೆ ಯಾರು ಚೆಕ್ ಮಾಡ್ತಾರೆ. ಕ್ಲೈಂಟ್ ಇಪ್ಪತ್ತು ನಿಮಿಷಕ್ಕೆ ಥ್ಯಾಂಕ್ಸ್ ಹೇಳಿ ರಿಪ್ಲೈ ಮಾಡಿದ್ರು. ನಂಗೆ ನಿಜವಾಗ್ಲೂ ಕಾನ್ಫಿಡೆನ್ಸ್ ಬಂದಿದ್ದು ಆ ದಿನ, ಅಲ್ಲೀವರೆಗೆ ಓದಿದ ಅರವತ್ತು ಎಪ್ಪತ್ತು ಮೋಟಿವೇಶನ್ ಸಾಲಿಂದ ಬರದೇ ಇದ್ದದ್ದು ಆ ಒಂದು ಪದದಿಂದ ಬಂತು.

ಆಮೇಲಿಂದ ನಾನು ಈ ಆಪನ್ನ ಬೇರೆ ಥರ ಬಳಸೋಕೆ ಶುರು ಮಾಡ್ದೆ. ಐದರಲ್ಲಿ ಒಂದೇ ಪದ ಆರಿಸ್ಕೊಳ್ಳೋದು, ಅದನ್ನ ಅವತ್ತಿನ ನಿಜವಾದ ಒಂದು ಮೇಲ್‌ಗೋ ಮೀಟಿಂಗ್‌ಗೋ ಹಾಕೋದು, ರಾತ್ರಿ ಆ ವಾಕ್ಯನ ನೋಟ್‌ಬುಕ್ಕಲ್ಲಿ ಬರೆಯೋದು. ಹೀಗೆ ಮಾಡಿದ ಪದಗಳು ಉಳ್ಕೊಂಡಿವೆ, ಕ್ವಿಜ್‌ಗೆ ಮಾತ್ರ ಕಲಿತವು ಹೆಚ್ಚಿನವು ಹೋಗಿವೆ. ಹೋಗೋದು ಸಹಜವೇ, ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಅಕ್ಷರ ಜೋಡಣೆಗಳನ್ನ ತಾನೇ ಬಾಯಿಪಾಠ ಮಾಡಿ ಎಷ್ಟು ಬೇಗ ಮರೆತುಹೋಗುತ್ತೆ ಅಂತ ಅಳೆದು 1885ರಲ್ಲೇ ಪ್ರಕಟಿಸಿದ್ದಾನೆ. ಮೊದಮೊದಲು ಬೇಗ ಸೋರಿಹೋಗುತ್ತೆ, ಆಮೇಲೆ ನಿಧಾನ ಆಗುತ್ತೆ. ಅದಕ್ಕೇ ಮರೆಯೋ ಹೊತ್ತಿಗೆ ಮತ್ತೆ ತೋರಿಸೋ ವ್ಯವಸ್ಥೆ ಬೇಕು, ಈ ಆಪಲ್ಲಿ ಅದು ವೀಕು, ಏಳು ದಿನ ಕಳೆದ ಪದ ಮತ್ತೆ ತಾನಾಗೇ ಬರೋದೇ ಇಲ್ಲ. ನಾನು ನನ್ನ ವಾಕ್ಯಗಳನ್ನ ಆಂಕಿ ಅನ್ನೋ ಫ್ಲ್ಯಾಶ್‌ಕಾರ್ಡ್ ಆಪ್‌ಗೆ ಹಾಕ್ಕೊಂಡಿದ್ದೀನಿ, ಕಂಪ್ಯೂಟರಲ್ಲೂ ಆಂಡ್ರಾಯ್ಡಲ್ಲೂ ಫ್ರೀ, ಯಾವ ಕಾರ್ಡನ್ನ ಎಷ್ಟು ದಿನ ಬಿಟ್ಟು ಮತ್ತೆ ತೋರಿಸ್ಬೇಕು ಅನ್ನೋ ಲೆಕ್ಕ ಅದೇ ನೋಡ್ಕೊಳ್ಳುತ್ತೆ.

ಕನ್ನಡ ಅರ್ಥಗಳ ಬಗ್ಗೆ ಒಂದು ದೂರು ಇದೆ. ‘ರೆಸ್ಪಾನ್ಸಿಬಿಲಿಟಿ’ಗೂ ‘ಜವಾಬ್ದಾರಿ’, ‘ಅಕೌಂಟಬಿಲಿಟಿ’ಗೂ ‘ಜವಾಬ್ದಾರಿ’. ಮ್ಯಾನೇಜರ್ ಒಂದು ರಿವ್ಯೂನಲ್ಲಿ ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಿದಾಗ ನಾನು ಪೂರ್ತಿ ಕಳೆದುಹೋದೆ. ಆಮೇಲೆ ನಾನೇ ಹೀಗೆ ಬರ್ಕೊಂಡೆ: ರೆಸ್ಪಾನ್ಸಿಬಿಲಿಟಿ ಅಂದ್ರೆ ಕೆಲಸ ಮಾಡೋ ಹೊಣೆ, ಅಕೌಂಟಬಿಲಿಟಿ ಅಂದ್ರೆ ಅದು ಹೇಗಾಯ್ತು ಅಂತ ಉತ್ತರ ಕೊಡೋ ಹೊಣೆ. ಕೆಲಸ ನಾಲ್ಕು ಜನಕ್ಕೆ ಹಂಚಬಹುದು, ಉತ್ತರ ಕೊಡೋಕೆ ಸಾಮಾನ್ಯವಾಗಿ ಒಬ್ಬರೇ ನಿಲ್ಲಬೇಕು. ಪತ್ರಿಕೆಗಳಲ್ಲಿ ‘ಉತ್ತರದಾಯಿತ್ವ’ ಅಂತ ಬರೆಯೋದು ಇದಕ್ಕೇ, ಎಷ್ಟು ಒಳ್ಳೆ ಪದ ನೋಡಿ, ಆಪ್‌ನವರು ಯಾಕೆ ಹಾಕಿಲ್ಲವೋ.

ಅದಕ್ಕಿಂತ ದೊಡ್ಡ ತೊಂದರೆ ಆಗಿದ್ದು ‘ಟೇಬಲ್’ ಇಂದ. ಕಾರ್ಡಲ್ಲಿದ್ದ ಅರ್ಥ ‘ವಿಷಯವನ್ನ ಚರ್ಚೆಗೆ ಮುಂದಿಡೋದು’. ಅಮೆರಿಕದ ಟೀಮ್ ಜೊತೆ ಕಾಲ್ ನಡೀತಿತ್ತು, ‘ಲೆಟ್ಸ್ ಟೇಬಲ್ ದಿಸ್’ ಅಂದ್ರು, ನಾನು ಓ ಈಗ ನನ್ನ ಸರದಿ ಅಂತ ಸ್ಕ್ರೀನ್ ಶೇರ್ ಮಾಡಿ ಮಾತಾಡೋಕೆ ಶುರು ಮಾಡ್ಬಿಟ್ಟೆ. ಅವರು ಹೇಳಿದ್ದು ಇದನ್ನ ಸದ್ಯಕ್ಕೆ ಪಕ್ಕಕ್ಕಿಡೋಣ ಅಂತ. ಬ್ರಿಟಿಷರಿಗೆ ಟೇಬಲ್ ಮಾಡೋದು ಅಂದ್ರೆ ಮುಂದಿಡೋದು, ಅಮೆರಿಕನ್ನರಿಗೆ ಮುಂದೂಡೋದು. ಒಂದೇ ಒಂದು ಅರ್ಥ ಕೊಟ್ಟು ಬಿಟ್ಟಿದ್ದಕ್ಕೆ ಸಪೋರ್ಟ್‌ಗೆ ಬರೆದೆ, ಐದು ತಿಂಗಳಾಯ್ತು, ಕಾರ್ಡ್ ಇನ್ನೂ ಹಾಗೇ ಇದೆ.

ಸ್ಟ್ರೀಕ್ ಬಗ್ಗೆ, ಅಂದ್ರೆ ಒಂದು ದಿನವೂ ತಪ್ಪದೆ ಸತತ ಎಷ್ಟು ದಿನ ಆಪ್ ತೆಗೆದ್ರಿ ಅನ್ನೋ ಲೆಕ್ಕದ ಬಗ್ಗೆ, ಹೇಳಲೇಬೇಕು. 143ನೇ ದಿನ ಅಮ್ಮನಿಗೆ ಹುಷಾರಿರಲಿಲ್ಲ, ಆಪ್ ತೆಗೀಲಿಲ್ಲ, ಮಾರನೇ ದಿನ ನೋಡಿದ್ರೆ ದೊಡ್ಡ ಸೊನ್ನೆ, ಜೊತೆಗೆ ‘ನೀವು ಬಿಟ್ಟುಕೊಟ್ರಿ’ ಅನ್ನೋ ಅರ್ಥದ ಮೆಸೇಜ್. ಮೋಟಿವೇಶನ್ ಕೊಡೋಕೇ ಅಂತ ಇರೋ ಆಪ್ ಒಂದು ಕಷ್ಟದ ದಿನ ಹೀಗೆ ಹೇಳಬಾರದು. ಮೂರು ವಾರ ನಾನು ಅದನ್ನ ಮುಟ್ಟಲಿಲ್ಲ. ವಾಪಸ್ ಬಂದಿದ್ದು ಯೂನಿವರ್ಸಿಟಿ ಕಾಲೇಜ್ ಲಂಡನ್‌ನವರ ಒಂದು ಅಧ್ಯಯನದ ಬಗ್ಗೆ ಓದಿದ್ಮೇಲೆ. ಒಂದು ಹೊಸ ಅಭ್ಯಾಸ ತಾನಾಗೇ ಆಗೋ ಮಟ್ಟಕ್ಕೆ ಬರೋಕೆ ಸುಮಾರು 66 ದಿನ ಬೇಕಾಯ್ತಂತೆ, ಆದ್ರೆ ಒಬ್ಬೊಬ್ಬರಿಗೆ ಒಂದೊಂದು ಥರ, 18ರಿಂದ 254 ದಿನದವರೆಗೆ. ಮಧ್ಯೆ ಒಂದು ದಿನ ತಪ್ಪಿದ್ರೆ ಅಂಥ ನಷ್ಟ ಏನೂ ಆಗಲಿಲ್ಲ ಅಂತಲೂ ಅದರಲ್ಲೇ ಇದೆ. ಅಂದ್ರೆ ನನ್ನ 142 ದಿನ ಎಲ್ಲೂ ಹೋಗಿರಲಿಲ್ಲ, ಪರದೆ ಮೇಲಿನ ನಂಬರ್ ಮಾತ್ರ ಹೋಗಿತ್ತು. ಸೆಟ್ಟಿಂಗ್ಸಲ್ಲಿ ಸ್ಟ್ರೀಕ್ ರಿಮೈಂಡರ್ ಆಫ್ ಮಾಡಬಹುದು, ಮಾಡಿಬಿಡಿ.

ಆಡಿಯೋ ಪರವಾಗಿಲ್ಲ. ಜಾಹೀರಾತು ಜಾಸ್ತಿ, ಆದ್ರೆ ತಡ್ಕೊಳ್ಳಬಹುದು.

ಯಾರಿಗೆ ಆಗುತ್ತೆ ಅಂತ ಕೇಳಿದ್ರೆ, ದಿನಾ ಎರಡು ಮೂರು ಇಂಗ್ಲಿಷ್ ಮೇಲ್ ಬರೆಯೋ ಕೆಲಸದಲ್ಲಿ ಇರೋರಿಗೆ ಖಂಡಿತ ಆಗುತ್ತೆ, ಕಲಿತ ಪದ ಹಾಕೋಕೆ ಅವತ್ತೇ ಜಾಗ ಸಿಗುತ್ತೆ. ಇನ್ನೂ ಕೆಲಸ ಹುಡುಕ್ತಿರೋರು ತಮ್ಮದೇ ಅಪ್ಲಿಕೇಶನ್ ಲೆಟರನ್ನ ಇಟ್ಕೊಂಡು ಅದರಲ್ಲಿ ಪದ ಬದಲಾಯಿಸ್ತಾ ಹೋಗಬಹುದು, ನನ್ನ ತಂಗಿ ಹಾಗೇ ಮಾಡ್ತಿದ್ದಾಳೆ. ಮಾತಾಡೋದನ್ನೇ ಕಲೀಬೇಕು ಅನ್ನೋರಿಗೆ ಇದು ಸಾಲದು. ನನ್ನ ಕಡೆಯಿಂದ ಮೂರೂವರೆ ಸ್ಟಾರ್.

ಆಪ್ ಮಾಡಿದವರು ಇದನ್ನ ಓದಿದ್ರೆ ಒಂದು ಕೋರಿಕೆ. ಸಾಲ ಅನ್ನೋ ಅರ್ಥದ ಪದವನ್ನ ಕನ್ನಡದಲ್ಲಿ ‘ಡೆಬ್ಟ್’ ಅಂತ ಬರೆದಿದ್ದೀರಿ. ಅದರಲ್ಲಿ ‘ಬಿ’ ಉಚ್ಚಾರ ಆಗಲ್ಲ, ‘ಡೆಟ್’ ಅಂತ ಮಾಡಿ. ನಿಮ್ಮ ಅಕ್ಷರ ನಂಬ್ಕೊಂಡೇ ಬಹಳ ಜನ ಮೀಟಿಂಗಲ್ಲಿ ಬಾಯಿ ತೆಗೀತಾರೆ.