ನ್ಯೂರಾನ್ ಸ್ಪೈಕರ್‌ಬಾಕ್ಸ್: ನರದ ಮಿಡಿತ ಕೇಳಿಸುವ ಪುಟ್ಟ ಪೆಟ್ಟಿಗೆ

ಕಂಪ್ಯೂಟರ್ ಸೈನ್ಸನ್ನೋ ಮನಃಶಾಸ್ತ್ರವನ್ನೋ ಮುಖ್ಯ ವಿಷಯವಾಗಿ ಓದುತ್ತಾ ಜೊತೆಗೆ ನರವಿಜ್ಞಾನವನ್ನೂ ಹಿಡಿದ ಪದವಿ ವಿದ್ಯಾರ್ಥಿಗಳಿಗೆ ಪಾಠ ಹೇಗೋ ಸಿಗುತ್ತದೆ, ಲ್ಯಾಬ್ ಸಿಗುವುದಿಲ್ಲ. ಆ ಕೊರತೆಯನ್ನು ಚೆನ್ನಾಗಿಯೇ ತುಂಬುವ ಸಾಧನ ಬ್ಯಾಕ್‌ಯಾರ್ಡ್ ಬ್ರೈನ್ಸ್‌ನ ನ್ಯೂರಾನ್ ಸ್ಪೈಕರ್‌ಬಾಕ್ಸ್. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿದ ಗ್ರೆಗ್ ಗೇಜ್ ಮತ್ತು ಟಿಮ್ ಮಾರ್ಜುಲೊ ಕಟ್ಟಿದ ಸಂಸ್ಥೆ ಇದು. ಪೆಟ್ಟಿಗೆಯೊಳಗೆ ಆಂಪ್ಲಿಫೈಯರ್, ಸ್ಪೀಕರ್, 9 ವೋಲ್ಟ್ ಬ್ಯಾಟರಿ. ಹೊರಗೆ ಎರಡು ಸೂಜಿ. ಅಷ್ಟೇ.

ಪ್ರಯೋಗಕ್ಕೆ ಬೇಕಾದದ್ದು ಜಿರಳೆಯ ಒಂದು ಕಾಲು. ಜಿರಳೆಯನ್ನು ಐಸ್ ನೀರಿನಲ್ಲಿ ಮುಳುಗಿಸಿ, ಅದು ಪೂರ್ತಿ ನಿಶ್ಚಲವಾದ ಮೇಲೆಯೇ ಕಾಲನ್ನು ಬುಡದಲ್ಲಿ ಕತ್ತರಿಸಬೇಕು. ಮರಿ ಜಿರಳೆಗೆ ಪೊರೆ ಕಳಚುವಾಗ ಕಾಲು ಮತ್ತೆ ಬೆಳೆಯುತ್ತದೆ, ಬಲಿತದ್ದಕ್ಕೆ ಬೆಳೆಯುವುದಿಲ್ಲ. ಕಾಲನ್ನು ಕಾರ್ಕ್ ಮೇಲಿಟ್ಟು ಒಂದು ಸೂಜಿಯನ್ನು ಬುಡದ ದಪ್ಪ ಭಾಗಕ್ಕೆ, ಇನ್ನೊಂದನ್ನು ತೊಡೆಗೆ ಚುಚ್ಚಿ. ಮೊಣಕಾಲಿನ ಕೆಳಗಿನ ಮುಳ್ಳನ್ನು ಹಲ್ಲುಕಡ್ಡಿಯಿಂದ ಮುಟ್ಟಿದರೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಚಟ ಸದ್ದು. ಮುಳ್ಳಿನ ಬುಡದ ಸಂವೇದಿ ನರಕೋಶಗಳು ಕಳಿಸುತ್ತಿರುವ ಸ್ಪೈಕ್‌ಗಳು, ಅಂದರೆ ಕ್ಷಣಿಕ ವಿದ್ಯುತ್ ಮಿಡಿತಗಳು ಅವು. ಮೆಲ್ಲಗೆ ಒತ್ತಿದರೆ ವಿರಳ, ಜೋರಾಗಿ ಒತ್ತಿದರೆ ದಟ್ಟ. ಇದನ್ನು ಬ್ರಿಟಿಷ್ ವಿಜ್ಞಾನಿ ಎಡ್ಗರ್ ಏಡ್ರಿಯನ್ 1920ರ ದಶಕದಲ್ಲಿ ತೋರಿಸಿದರು. 1932ರ ನೊಬೆಲ್ ಅನ್ನು ಅವರು ಶೆರಿಂಗ್ಟನ್ ಜೊತೆ ಹಂಚಿಕೊಂಡದ್ದು ಇಂಥ ಕೆಲಸಕ್ಕೇ.

ಕೆಡುವುದು ಹೆಚ್ಚಾಗಿ ಮೂರು ಕಡೆ. ಸದ್ದೇ ಬರದಿದ್ದರೆ ಕಾಲು ಇನ್ನೂ ತಣ್ಣಗಿರಬಹುದು. ಕೆಲವು ನಿಮಿಷ ಕಾಯಿರಿ. ಒಳಗೆ ಸೂಜಿಗಳು ಒಂದಕ್ಕೊಂದು ತಾಗಿದ್ದರೂ ಹೀಗೇ ಆಗುತ್ತದೆ. ಬರೀ ಗುಂಯ್ ಎನ್ನುತ್ತಿದ್ದರೆ ಅದು ಮನೆಯ ಕರೆಂಟಿನ 50 ಹರ್ಟ್ಜ್: ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಟ್ಯೂಬ್‌ಲೈಟಿನಿಂದ ದೂರ ಸರಿಯಿರಿ. ಚೆನ್ನಾಗಿದ್ದ ಸದ್ದು ಕ್ರಮೇಣ ಕುಂದಿದರೆ ಕಾಲು ಒಣಗುತ್ತಿದೆ. ಕತ್ತರಿಸಿದ ತುದಿಗೆ ಮೊದಲೇ ಒಂದಿಷ್ಟು ವ್ಯಾಸಲೀನ್ ಹಚ್ಚಿ.

ಪೆಟ್ಟಿಗೆಯ ನಿಜವಾದ ಬೆಲೆ ಇರುವುದು ಈ ಸದ್ದನ್ನು ಮುದ್ರಿಸುವ ಸ್ಪೈಕ್ ರೆಕಾರ್ಡರ್ ಆ್ಯಪ್ ಉಳಿಸಿಕೊಡುವ ಡಬ್ಲ್ಯೂಎವಿ (ಧ್ವನಿ) ಫೈಲಿನಲ್ಲಿ, ವಿಶೇಷವಾಗಿ ಕೋಡಿಂಗ್ ಬಲ್ಲವರಿಗೆ. ಅದನ್ನು ಪೈಥಾನಿಗೆ ತಂದುಕೊಳ್ಳಿ. ಸಿಗ್ನಲಿನ ನಿರಪೇಕ್ಷ ಮೌಲ್ಯಗಳ ಮೀಡಿಯನ್ ಅನ್ನು 0.6745ರಿಂದ ಭಾಗಿಸಿದರೆ ಗದ್ದಲದ (ನಾಯ್ಸ್) ಮಟ್ಟದ ಅಂದಾಜು. ಅದರ 4 ಪಟ್ಟನ್ನು ಹೊಸ್ತಿಲಾಗಿಟ್ಟು, ಅದನ್ನು ದಾಟಿದ ಸ್ಪೈಕ್‌ಗಳನ್ನು ಎಣಿಸಿ. ಮೀಡಿಯನ್ ಬದಲು ಸ್ಟ್ಯಾಂಡರ್ಡ್ ಡೀವಿಯೇಶನ್ ಬಳಸಿದರೆ ದೊಡ್ಡ ಸ್ಪೈಕ್‌ಗಳೇ ಹೊಸ್ತಿಲನ್ನು ಮೇಲೆತ್ತಿ ಚಿಕ್ಕವನ್ನು ನುಂಗಿಬಿಡುತ್ತವೆ. 100 ಮಿಲಿಸೆಕೆಂಡಿನ ತುಂಡುಗಳಲ್ಲಿ ಎಣಿಸಿ ಗ್ರಾಫ್ ಹಾಕಿದರೆ, ಒತ್ತಿ ಹಿಡಿದಾಗ ನರ ಹೇಗೆ ಒಗ್ಗಿಕೊಂಡು ಸುಮ್ಮನಾಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಮಿತಿಯೂ ಇದೆ. ಸೂಜಿ ಇರುವುದು ಕೋಶದ ಹೊರಗೆ. ಸುಮ್ಮನಿರುವ ಕೋಶದೊಳಗೆ ಇರುತ್ತದೆಂದು ಪುಸ್ತಕ ಹೇಳುವ ಮೈನಸ್ 70 ಮಿಲಿವೋಲ್ಟ್ ಇಲ್ಲಿ ಕಾಣದು. ಹಲವು ನರಕೋಶಗಳು ಒಟ್ಟಿಗೇ ಕೇಳಿಸುವುದರಿಂದ ಒಂದೇ ಕೋಶಕ್ಕೆ ಒಂದು ಸ್ಪೈಕ್ ಆದ ಮೇಲೆ ಮುಂದಿನದಕ್ಕೆ ಮುನ್ನ ಬೇಕಾಗುವ ವಿಶ್ರಾಂತಿ ಅವಧಿಯನ್ನು ಇದರಲ್ಲಿ ಅಳೆಯುತ್ತೇವೆಂದು ಹೊರಡಬೇಡಿ.

ನಮ್ಮಲ್ಲಿ ಪದವಿ ತರಗತಿಗಳ ಪ್ರಾಣಿ ಛೇದನದ ಮೇಲೆ ಯುಜಿಸಿ ನಿರ್ಬಂಧವಿದೆ. ಕಾಲೇಜಿನಲ್ಲಿ ಮಾಡುವುದಾದರೆ ವಿಭಾಗದ ಒಪ್ಪಿಗೆ ಮೊದಲು ಪಡೆಯಿರಿ. ಜಿರಳೆ ಬೇಡವೆಂದರೆ ಅದೇ ಸಂಸ್ಥೆಯ ಮಸಲ್ ಸ್ಪೈಕರ್‌ಬಾಕ್ಸ್ ತರಿಸಿ. ಮುಂಗೈಗೆ ಅಂಟುವ ಎಲೆಕ್ಟ್ರೋಡ್ ಹಚ್ಚಿ ಮುಷ್ಟಿ ಬಿಗಿದರೆ ಸಾಕು, ಸ್ನಾಯುವಿನ ಸದ್ದು ಕೇಳುತ್ತದೆ. ಬರೆದ ಕೋಡಿನ ಬಹುಪಾಲು ಅದಕ್ಕೂ ನಡೆಯುತ್ತದೆ.