ವಾರಕ್ಕೆ ಆರು ಮೊಟ್ಟೆ: ಸರ್ಕಾರ ಮತ್ತು ಫೌಂಡೇಷನ್ನಿನ ಜಂಟಿ ಸೇವೆ ಹೇಗಿದೆ?

ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯನಾಗಿ ನಾನು ಹತ್ತಿರದಿಂದ ನೋಡುತ್ತಿರುವುದು ಬಿಸಿಯೂಟದ ಜೊತೆ ಮಕ್ಕಳಿಗೆ ಕೊಡುವ ಮೊಟ್ಟೆಯ ಯೋಜನೆ. ವಾರದಲ್ಲಿ 2 ದಿನದ ಖರ್ಚು ರಾಜ್ಯ ಸರ್ಕಾರದ್ದು, ಉಳಿದ 4 ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನದು. 2024ರ ಜುಲೈನಲ್ಲಾದ ಒಡಂಬಡಿಕೆಯಂತೆ ಫೌಂಡೇಷನ್ 3 ವರ್ಷಗಳಲ್ಲಿ ಸುಮಾರು ₹1,500 ಕೋಟಿ ಭರಿಸುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 1ರಿಂದ 10ನೇ ತರಗತಿಯ ಮಕ್ಕಳಿಗೆ ಇದು ಸಲ್ಲುತ್ತದೆ.

ತಟ್ಟೆಯ ಮಟ್ಟಿಗೆ ಹೇಳುವುದಾದರೆ ಸೇವೆ ಚೆನ್ನಾಗಿದೆ. ಅಡುಗೆ ಸಿಬ್ಬಂದಿ ಮೊಟ್ಟೆಯನ್ನು ಬೇಯಿಸಿ, ಸುಲಿದು, ಅನ್ನ ಸಾಂಬಾರಿನ ಪಕ್ಕದಲ್ಲಿಡುತ್ತಾರೆ. ಬಿಳಿ ಭಾಗವನ್ನಷ್ಟೇ ತಿಂದು ಹಳದಿಯನ್ನು ಗೆಳೆಯನ ತಟ್ಟೆಗೆ ದಾಟಿಸುವ ಚಿಕ್ಕವರು ಇದ್ದೇ ಇದ್ದಾರೆನ್ನಿ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮೊದಲು ಕೊಡುತ್ತಿದ್ದ ಶೇಂಗಾ ಚಿಕ್ಕಿಯನ್ನು 2025ರಲ್ಲಿ ನಿಲ್ಲಿಸಿದ್ದು ಸರಿಯಾಯಿತು.

ಈ ಏರ್ಪಾಡಿನಲ್ಲಿ ನನಗೆ ಮೆಚ್ಚಿಗೆಯಾದದ್ದು ಹೊಣೆಯ ಹಂಚಿಕೆ. 2000ದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಕ್ಷಯ ಪಾತ್ರ ಎಂಬ ಸಂಸ್ಥೆ ಬಿಸಿಯೂಟವನ್ನು ತನ್ನದೇ ಅಡುಗೆಮನೆಗಳಲ್ಲಿ ಬೇಯಿಸಿ ಶಾಲೆಗಳಿಗೆ ತಲುಪಿಸುತ್ತದೆ. 2018ರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಳಸಬೇಕೆಂದು ಸರ್ಕಾರ ಹೇಳಿದಾಗ ಸಂಸ್ಥೆ ಒಪ್ಪಲಿಲ್ಲ. ಒಲೆ ಯಾರ ಕೈಯಲ್ಲಿದೆಯೋ ರುಚಿಯ ತೀರ್ಮಾನವೂ ಅವರದೇ ಎಂಬುದು ಆಗ ಸ್ಪಷ್ಟವಾಯಿತು. ಮೊಟ್ಟೆಯ ವಿಷಯದಲ್ಲಿ ಹಾಗಲ್ಲ: ಫೌಂಡೇಷನ್ ಹಣ ಕೊಡುತ್ತದೆ, ಖರೀದಿ ಮತ್ತು ಅಡುಗೆ ಶಾಲೆಯಲ್ಲೇ ನಡೆಯುತ್ತದೆ, ಏನು ಬಡಿಸಬೇಕೆಂಬುದು ಸರ್ಕಾರದ ಆದೇಶದಲ್ಲಿರುತ್ತದೆ. ಮಕ್ಕಳ ಊಟದಂಥ ವಿಷಯದಲ್ಲಿ ಈ ಎರಡನೆಯ ಮಾದರಿಯೇ ಮೇಲೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಪಾಲಕರು ಯಾರನ್ನು ಪ್ರಶ್ನಿಸಬೇಕೆಂಬುದರಲ್ಲಿ ಗೊಂದಲವಿಲ್ಲ.

ಕೊರತೆಯಿರುವುದು ದರದಲ್ಲಿ. ಯೋಜನೆ ವಿಸ್ತರಣೆಯಾದಾಗ ಒಂದು ಮೊಟ್ಟೆಗೆ ನಿಗದಿಯಾಗಿದ್ದದ್ದು ₹6. ಅದರಲ್ಲೇ ಮೊಟ್ಟೆಯ ಬೆಲೆ, ಇಂಧನ, ಸುಲಿಯುವ ಕೂಲಿ ಎಲ್ಲವೂ ಸೇರಿತ್ತು. ಚಳಿಗಾಲದಲ್ಲಿ ಅಂಗಡಿಯ ದರವೇ ಆರು ರೂಪಾಯಿ ದಾಟಿದರೆ ವ್ಯತ್ಯಾಸವನ್ನು ಮುಖ್ಯ ಶಿಕ್ಷಕರು ಕೈಯಿಂದ ಹಾಕಬೇಕು, ಇಲ್ಲವೇ ಬಾಳೆಹಣ್ಣಿಗೆ ಮೊರೆಹೋಗಬೇಕು. ಒಡಂಬಡಿಕೆಗೆ ಸಹಿ ಹಾಕಿದ ಇಬ್ಬರಿಗೂ ಇದರಿಂದ ನಷ್ಟವಿಲ್ಲ. ಸಹಿಯನ್ನೇ ಹಾಕದ ಮೂರನೆಯವರು ತೆರುತ್ತಾರೆ. ಎನ್‌ಇಸಿಸಿ (ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ) ಮೊಟ್ಟೆಯ ದರವನ್ನು ದಿನವೂ ಪ್ರಕಟಿಸುತ್ತಿರುವಾಗ, ಶಾಲೆಗೆ ಕೊಡುವ ಮೊತ್ತವನ್ನು ಅದಕ್ಕೆ ಹೊಂದಿಸುವುದು ಕಷ್ಟವೇನಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. 2027ರಲ್ಲಿ ಮೂರು ವರ್ಷದ ಅವಧಿ ಮುಗಿಯುವ ಮುನ್ನ, ಆ ನಾಲ್ಕು ದಿನಗಳ ಖರ್ಚನ್ನು ಮುಂದೆ ಯಾರು ಹೊರುತ್ತಾರೆಂಬುದನ್ನು ಸರ್ಕಾರ ಬಜೆಟ್ಟಿನಲ್ಲೇ ಹೇಳಬೇಕು.