3,000 ಇಂಗ್ಲಿಷ್ ಪದ ಬಾಯಿಪಾಠ ಮಾಡಿ ಕ್ಯಾಟ್ ಬರೆದೆ: ದುಡ್ಡು ಕಟ್ಟೋ ಮೊದಲು ಇದನ್ನು ಓದಿ

ಕ್ಯಾಟ್ ಅಂದರೆ ಐಐಎಂನಂಥ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಎಂಬಿಎ ಸೇರೋಕೆ ಬರೆಯುವ ಪ್ರವೇಶ ಪರೀಕ್ಷೆ. ಅದರಲ್ಲಿ ವರ್ಬಲ್ (ಇಂಗ್ಲಿಷ್ ವಿಭಾಗ) ವೀಕ್ ಅಂತ ಯಾವುದಾದರೂ ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟೋಕೆ ಹೊರಟಿದ್ದರೆ ಐದು ನಿಮಿಷ ತಡೆಯಿರಿ. ನಾನು 24,000 ರೂಪಾಯಿ ಕಟ್ಟಿದೆ. ದುಡ್ಡಿಗಿಂತ ಹೊಟ್ಟೆ ಉರಿಸಿದ್ದು ಅದರ ಜೊತೆ ಹೋದ ಒಂದು ವರ್ಷ.

ನಮ್ಮದು ಮೂಡಿಗೆರೆ ಕಡೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಆಮೇಲೆ ಇಂಜಿನಿಯರಿಂಗ್. 2023ರಲ್ಲಿ ಮೊದಲ ಸಲ ಕ್ಯಾಟ್ ಬರೆದಾಗ ಲೆಕ್ಕದಲ್ಲಿ 93 ಪರ್ಸೆಂಟೈಲ್ (ಅಂದರೆ ನೂರಕ್ಕೆ 93 ಜನ ನನಗಿಂತ ಹಿಂದೆ), ವರ್ಬಲ್‌ನಲ್ಲಿ 58. ಐಐಎಂಗಳು ಒಟ್ಟು ಸ್ಕೋರ್ ಮಾತ್ರ ನೋಡೋದಿಲ್ಲ, ಒಂದೊಂದು ವಿಭಾಗಕ್ಕೂ ಬೇರೆ ಕಟ್‌ಆಫ್ ಇಡುತ್ತವೆ. ನನ್ನ 93 ಯಾವ ಕೆಲಸಕ್ಕೂ ಬರಲಿಲ್ಲ.

ಒಂದು ಫ್ರೀ ಡೆಮೊ ಕ್ಲಾಸಿಗೆ ನಂಬರ್ ಕೊಟ್ಟೆ. ಮಾರನೇ ದಿನವೇ ಫೋನ್. "ಸರ್, ನಿಮ್ಮದು ವೊಕ್ಯಾಬುಲರಿ ಪ್ರಾಬ್ಲಂ. ಕನ್ನಡ ಮೀಡಿಯಂನವರಿಗೆಲ್ಲ ಇದೇ. 95 ಪರ್ಸೆಂಟೈಲ್ ಗ್ಯಾರಂಟಿ, ಬರದಿದ್ದರೆ ಪೂರ್ತಿ ದುಡ್ಡು ವಾಪಸ್." ಕನ್ನಡ ಮೀಡಿಯಂ ಅಂದ ಕೂಡಲೇ ನಾನು ತಣ್ಣಗಾದೆ. ಎಲ್ಲಿ ಮುಟ್ಟಿದರೆ ನೋಯುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ರೇಟ್ ಏರಲಿ ಅಂತ ಅಪ್ಪ ಕಾಳುಮೆಣಸು ಇಟ್ಟುಕೊಂಡಿದ್ದರು. ಅದರಲ್ಲಿ ಒಂದು ಮೂಟೆ ಮಾರಿದರು. "ಓದೋದಕ್ಕೆ ತಾನೇ ಮಗಾ, ಹೋಗ್ಲಿ ಬಿಡು" ಅಂದರು.

ಕೋರ್ಸ್ ಅಂದರೆ ಏನಿತ್ತು ಗೊತ್ತಾ? 3,000 ಪದಗಳ ಒಂದು ಪಿಡಿಎಫ್. ದಿನಕ್ಕೆ 40 ಪದ, ಭಾನುವಾರ ಟೆಸ್ಟ್. ಅಡುಗೆಮನೆ ಗೋಡೆಗೂ ಚೀಟಿ ಅಂಟಿಸಿದ್ದೆ. ದೋಸೆ ಹುಯ್ಯುತ್ತಾ ಅಮ್ಮನೂ 'ಪುಸಿಲಾನಿಮಸ್' ಅನ್ನೋಕೆ ಶುರು ಮಾಡಿದ್ದರು. ಅದರ ಮೇಲೆ ಸ್ಪೀಡ್ ರೀಡಿಂಗ್. ಸಾಲಿನ ಕೆಳಗೆ ಪೆನ್ನು ಓಡಿಸಬೇಕು, ಮೊದಲು ಪ್ರಶ್ನೆ ನೋಡಿ ಆಮೇಲೆ ಪ್ಯಾಸೇಜಲ್ಲಿ ಉತ್ತರ ಹುಡುಕಬೇಕು. ಅವರ ಮಾಕ್‌ಗಳಲ್ಲಿ, ಅಂದರೆ ಅಣಕು ಪರೀಕ್ಷೆಗಳಲ್ಲಿ, ಇದೆಲ್ಲ ನಡೆಯುತ್ತಿತ್ತು. ಅವರ ಪ್ರಶ್ನೆ, ಅವರದೇ ಟ್ರಿಕ್, ನಡೆಯದೇ ಏನು!

2024ರ ನವೆಂಬರ್ 24, ಮೈಸೂರಿನ ಸೆಂಟರ್. ವರ್ಬಲ್‌ಗೆ 40 ನಿಮಿಷ, 24 ಪ್ರಶ್ನೆ. ಅದರಲ್ಲಿ 16 ಪ್ಯಾಸೇಜ್ ಓದಿ ಉತ್ತರಿಸುವಂಥವು. ಉಳಿದ 8ರಲ್ಲಿ ಚೆಲ್ಲಾಪಿಲ್ಲಿಯಾದ ವಾಕ್ಯ ಜೋಡಿಸೋದು, ಸಾರಾಂಶ ಆರಿಸೋದು, ಇಂಥವು. ಪದಕ್ಕೆ ಅರ್ಥ ಬರೆಯಿರಿ ಅನ್ನೋ ಪ್ರಶ್ನೆ ಒಂದೂ ಇಲ್ಲ. ಹಿಂದಿನ ವರ್ಷವೂ ಇರಲಿಲ್ಲ. ನಾನೇ ಬರೆದಿದ್ದ ಪೇಪರ್ ಅದು! ಆದರೂ ಫೋನಿನಲ್ಲಿ ಯಾರೋ ಹೇಳಿದ್ದನ್ನು ನಂಬಿದೆ. ಪೆನ್ನು ಓಡಿಸುವ ಹಾಗೆ ಕಣ್ಣು ಓಡಿಸಿದೆ, ತಲೆಗೆ ಏನೂ ಹೋಗಲಿಲ್ಲ. ಗಾಬರಿಯಲ್ಲಿ ಸಿಕ್ಕಸಿಕ್ಕಿದ್ದನ್ನೆಲ್ಲ ಒತ್ತಿದೆ. ಆಯ್ಕೆ ಕೊಟ್ಟಿರುವ ಪ್ರಶ್ನೆಯಲ್ಲಿ ಸರಿಯಾದರೆ 3 ಅಂಕ, ತಪ್ಪಾದರೆ 1 ಕಟ್. ರಿಸಲ್ಟ್ ಬಂತು: 54. ಕೋರ್ಸ್ ಮಾಡಿ ನಾಲ್ಕು ಇಳಿದಿದ್ದೆ.

ದುಡ್ಡು ವಾಪಸ್ ಕೇಳಿದೆ. ಆಗ ಹೊರಗೆ ಬಂತು ಷರತ್ತು: ಲೈವ್ ಕ್ಲಾಸಿಗೆ ಶೇ 90 ಹಾಜರಾತಿ ಇರಬೇಕಂತೆ. ನನ್ನದು ಶೇ 71. ಜುಲೈ ತಿಂಗಳಲ್ಲಿ ಮೂಡಿಗೆರೆ ಕಡೆ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರ ಬಿದ್ದು ಕರೆಂಟ್ ಹೋದರೆ ಮೂರು ದಿನ ಬರೋದಿಲ್ಲ, ಟವರ್ ಕೂಡ ಸತ್ತಿರುತ್ತೆ. ನಾನು ಕೊಡೆ ಹಿಡಿದು ತೋಟದ ಮೇಲಿನ ದಿಣ್ಣೆಯಲ್ಲಿ ನಿಂತು ಕ್ಲಾಸ್ ಕೇಳಿದ್ದೀನಿ. ಕಾಲಿಗೆ ಇಂಬಳ, ಕಿವಿಯಲ್ಲಿ ಇಯರ್‌ಫೋನ್. ಆಮೇಲೆ ರೆಕಾರ್ಡಿಂಗ್ ನೋಡಿದರೆ ಅದು ಹಾಜರಾತಿಗೆ ಲೆಕ್ಕವಿಲ್ಲ. ಫೋನಿನಲ್ಲಿ ಗ್ಯಾರಂಟಿ ಅಂದವರು ಇದನ್ನು ಒಂದು ಸಲವೂ ಹೇಳಿರಲಿಲ್ಲ. ರಸೀದಿ ಹಿಂದಿನ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿತ್ತು.

ಕೊನೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಓಡಾಡಿಸಿ ಓಡಾಡಿಸಿ 7,000 ಬಂತು. ಅಷ್ಟಕ್ಕೇ ಸಾಕಾಗಿ ಕೈಬಿಟ್ಟೆ. ನೀವು ಬಿಡಬೇಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವೇ ಇಲ್ಲ. ಕೋಚಿಂಗ್‌ನವರು ಜಾಹೀರಾತಿನಲ್ಲಿ ಅಂಕ, ಸೀಟು ಗ್ಯಾರಂಟಿ ಅನ್ನುವಂತಿಲ್ಲ ಅಂತ 2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. ಅದಕ್ಕೇ ಇರಬೇಕು, ಈಗ ಗ್ಯಾರಂಟಿಯನ್ನೆಲ್ಲ ಬಾಯಲ್ಲೇ ಹೇಳ್ತಾರೆ. ವಾಟ್ಸಾಪಲ್ಲಿ ಬರೆದು ಕಳಿಸಿ ಅನ್ನಿ, ಫೋನ್ ಕಟ್ ಆಗುತ್ತೆ.

ಆಮೇಲೆ ಏನು ಮಾಡಿದೆ ಅಂತ ಕೇಳುವವರಿಗೆ. ಹಳೆಯ ಕ್ಯಾಟ್ ಪೇಪರ್‌ಗಳು ಸುಮ್ನೆ ಸಿಗುತ್ತವೆ. ಪೇಟೆಯಲ್ಲಿ ಪ್ರಿಂಟ್ ಹಾಕಿಸಿದೆ. ದಿನಕ್ಕೆ ಎರಡೇ ಪ್ಯಾಸೇಜ್, ನಿಧಾನಕ್ಕೆ. ಪ್ರತಿ ಪ್ಯಾರಾ ಮುಗಿದ ಮೇಲೆ ಪಕ್ಕದಲ್ಲಿ ಕನ್ನಡದಲ್ಲೇ ಒಂದು ಸಾಲು: ಇವನು ಏನು ಹೇಳ್ತಿದ್ದಾನೆ, ಯಾರ ಮಾತನ್ನು ಒಪ್ಪುತ್ತಿಲ್ಲ. ಆಮೇಲೆ ತಪ್ಪು ಉತ್ತರ ಯಾಕೆ ತಪ್ಪು ಅಂತ ನೋಟ್‌ಬುಕ್ಕಲ್ಲಿ ಬರೆದೆ. ಅಲ್ಲೇ ನನ್ನ ರೋಗ ಸಿಕ್ಕಿದ್ದು. ಒಂದು ಪ್ರಾಕ್ಟೀಸ್ ಪ್ಯಾಸೇಜ್ ನೆರಳಿನ ಮರದ ಕೆಳಗೆ ಬೆಳೆಯುವ ಕಾಫಿ ಬಗ್ಗೆ ಇತ್ತು. ನಾಲ್ಕಕ್ಕೆ ಮೂರು ತಪ್ಪು! ಮರದ ನೆರಳು ಮಣ್ಣಿನ ತೇವ ಉಳಿಸುತ್ತೆ ಅನ್ನೋ ಆಯ್ಕೆಗೆ ಟಿಕ್ ಹಾಕಿದ್ದೆ. ನಿಜವೇ, ಚಿಕ್ಕಂದಿನಿಂದ ನೋಡಿದ್ದೀನಿ. ಆದರೆ ಬರೆದವನು ಹೇಳಿದ್ದು ಹಕ್ಕಿಗಳ ಬಗ್ಗೆ, ತೇವದ ಮಾತೇ ಪ್ಯಾಸೇಜಲ್ಲಿ ಇರಲಿಲ್ಲ. ಪದ ಎಲ್ಲ ಗೊತ್ತಿದ್ದವು. ನನಗೆ ಗೊತ್ತಿದ್ದನ್ನು ಅವನ ಬಾಯಿಗೆ ತುರುಕುತ್ತಿದ್ದೆ, ಅಷ್ಟೇ.

2025ರಲ್ಲಿ ವರ್ಬಲ್ 86 ಬಂತು. ಅಂಥ ದೊಡ್ಡದೇನಲ್ಲ, ಆದರೆ ಪ್ರಿಂಟಿಗೆ ಖರ್ಚಾದದ್ದು ಮುನ್ನೂರು ಚಿಲ್ಲರೆ.

ಹೋದ ವಾರ ಅದೇ ಜಾಗದಿಂದ ಮತ್ತೆ ಫೋನ್, ಈ ಸಲ ತಂಗಿಗೆ. "ಮೇಡಂ, ನಿಮ್ಮದು ವೊಕ್ಯಾಬುಲರಿ ಪ್ರಾಬ್ಲಂ" ಅಂದರಂತೆ. ಅವಳಿನ್ನೂ ಒಂದು ಮಾಕ್ ಕೂಡ ಬರೆದಿಲ್ಲ.